ಓಬಳರಾಜು ಗುರುತು ಹಾಕಿದ ನಕ್ಷೆ

ನಮ್ಮ ಕಂಪನಿಯೊಳಗೆ ನಾಲ್ಕೇ ಜನ ನೋಡುವ ನಕ್ಷೆಗೂ ಲೈಸೆನ್ಸ್ ಬೇಕಂತೆ! (ಕಂಪನಿ ಎಂದರೆ ಮಧುಗಿರಿಯ ಒಂದು ಎಣ್ಣೆ ಗಾಣ, ಎರಡು ವ್ಯಾನು ಮತ್ತು ಆಡಳಿತ ಮಂಡಳಿ, ಅಂದರೆ ನನ್ನ ಹೆಂಡತಿ ಜ್ಯೋತಿಲಕ್ಷ್ಮಿ.)

ನಕ್ಷೆ ಮಾಡಿದವನು ಗೆಳೆಯ ಓಬಳರಾಜು. ಆನ್‌ಲೈನ್ ಮ್ಯಾಪಿನ ಮೇಲೆ ನಾವು ಎಣ್ಣೆ ಕೊಡುವ ಅಂಗಡಿಗಳನ್ನೆಲ್ಲ ಗುರುತು ಮಾಡಿ, ಡ್ರೈವರುಗಳಿಗೆಂದು ಪಕ್ಕದಲ್ಲೇ ಬರೆದಿದ್ದ. ಕೊಳಾಲದ ತಿರುವಿನಲ್ಲಿ, 'ಹಾರ್ನ್ ಹೊಡೀರ್ಲಾ, ಮೇಕೆ ಮನಗಿರ್ತವೆ.' ಚನ್ನರಾಯನದುರ್ಗದಲ್ಲಿ, 'ಈ ನಾಯಿ ಬರೀ ಬಾಯಿ.' ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ. ಈಗ ಅವನ ದನಿ ಉಳಿದಿರುವುದು ಅಲ್ಲೊಂದೇ ಕಡೆ. ಕೆಲಸವಿಲ್ಲದಿದ್ದರೂ ದಿನಾ ತೆರೆದು ಓದುತ್ತೇನೆ.

ಮ್ಯಾಪಿನವರು ಬರೆದರು: ಲೈಸೆನ್ಸ್ ಪಡೆಯಿರಿ, ಇಲ್ಲವೇ ನಕ್ಷೆ ಬಂದ್.

"ಓಗ್ಲಿ ಬುಡ್ರೀ. ನಮ್ಮ ಡ್ರೈವರ್ ಅಡವಯ್ಯಂಗೆ ದಾರಿ ಗೊತ್ತಿಲ್ವಾ?" ಎಂದಳು ಜ್ಯೋತಿ.

"ದಾರಿ ಸಿಗ್ತದೆ ಕಣೇ. ಓಬಳರಾಜು ಸಿಗ್ತಾನಾ?"

ಅವಳು ಒಳಗೆ ಹೋಗಿ ಕಾಫಿ ತಂದಿಟ್ಟಳು. ಆದರೆ ಲೈಸೆನ್ಸಿನ ದರ ಕಟ್ಟಲು ಒಂದು ವ್ಯಾನನ್ನೇ ಮಾರಬೇಕಿತ್ತು.

ಆಮೇಲೆ ಅವರ ನಿಯಮಾವಳಿಯನ್ನು ವೇದಾಧ್ಯಯನದಂತೆ ಕೂತು ಓದಿದೆ. ಸಿಕ್ಕಿತು! ಕಂಪನಿಯವರಷ್ಟೇ ನೋಡಿದರೆ ಲೈಸೆನ್ಸ್. ಯಾರು ಬೇಕಾದರೂ ನೋಡುವಂತಿದ್ದರೆ ಉಚಿತ. ತಕ್ಷಣ ನಕ್ಷೆಯ ಪಾಸ್‌ವರ್ಡ್ ತೆಗೆದು, ಲಿಂಕನ್ನು ಅಂಗಡಿಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮ್ಯಾಪಿನವರೂ ಒಪ್ಪಿ ಉತ್ತರ ಬರೆದರು. ದುರ್ಗ ಗೆದ್ದ ಪಾಳೆಯಗಾರನಂತೆ ಗಾಣಕ್ಕೊಂದು ಪ್ರದಕ್ಷಿಣೆ ಬಂದೆ.

ಚನ್ನರಾಯನದುರ್ಗದಿಂದ ಅಂಗಡಿಯ ಸಂಜೀವಯ್ಯ ಫೋನ್ ಮಾಡಿದ. "ಓಬಳರಾಜು ಎದ್ದು ಬಂದಂಗಾತು ಕಣ್ ಪ್ರಸನ್ನಣ್ಣ! ಆ ನಾಯಿ ನಮ್ದೇಯ!" ನಗುತ್ತಲೇ ಅತ್ತ. ನಾನೂ.

ಅಂದು ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೇಯಿಸಿದ ಸೋರೆಕಾಯಿ. (ಕರಿದದ್ದು ಬೇಡವೆಂದು ಡಾಕ್ಟರು ಹೇಳಿದಂದಿನಿಂದ, ಎಣ್ಣೆ ಗಾಣದ ಮಾಲೀಕನಿಗೆ ಮನೆಯಲ್ಲಿ ಹಪ್ಪಳವೂ ಇಲ್ಲ.) ಜ್ಯೋತಿ ಫೋನನ್ನು ನನ್ನ ಮುಂದೆ ಹಿಡಿದಳು.

"ರೀ, ಕೊಡಿಗೇನಹಳ್ಳಿ ಬಸ್ ಸ್ಟ್ಯಾಂಡ್ ಹತ್ರ ಓಬಳರಾಜಣ್ಣ ಏನು ಬರೆದವ್ರೆ, ವಸಿ ಜೋರಾಗಿ ಓದಿ."

ಎಷ್ಟೋ ಸಲ ಓದಿ ನಕ್ಕಿದ್ದೆ. ಪಾಸ್‌ವರ್ಡ್ ತೆಗೆಯುವಾಗ ಮಾತ್ರ ನೆನಪಾಗಲಿಲ್ಲ.

'ಬೋಂಡ ಅಂಗಡಿ. ಅಂಗಡಿ ಲೈನ್ ನೋಡ್ತೀನಿ ಅಂತ ಬಂದು ಗುರುವಾರ ಗುರುವಾರ ಪ್ರಸನ್ನ ಇಲ್ಲೇ ಕುಂತಿರ್ತಾನೆ. ಜ್ಯೋತಿ ತಂಗ್ಯಮ್ಮಂಗೆ ಹೇಳ್ಬುಟ್ಟೀರ, ಉಷಾರ್!'

ಅಷ್ಟರಲ್ಲಿ ಗುಂಪಿನಲ್ಲಿ ಸಂಜೀವಯ್ಯ ಕೇಳಿದ್ದ: "ಪ್ರಸನ್ನಣ್ಣ, ಗುರುವಾರ ನಾವೂ ಅಲ್ಲಿಗೇ ಬರೋಣ್ವಾ?"

"ಆ ಒಂದು ಗುರುತು ಅಳಿಸಿಬಿಡಲಾ?" ಎಂದೆ, ಮೆಲ್ಲಗೆ.

"ಮುಟ್ಟಿದ್ರೆ ನೋಡಿ! ಅಣ್ಣ ಬರೆದಿಟ್ಟದ್ದು" ಎಂದು, ಇನ್ನೆರಡು ಹೋಳು ಸೋರೆಕಾಯಿ ಬಡಿಸಿದಳು.