ಕುರ್ಚಿಭಾವನ ಬಗ್ಗೆ ಎರಡು ಮಾತು

ಕುರ್ಚಿಯ ಮೇಲೆ ಸರಿಯಾಗಿ ಕೂತದ್ದೇ ಕುರ್ಚಿಭಾವನ ಕೆಲಸಕ್ಕೆ ಕುತ್ತಾಯಿತು.

ಹೆಂಡತಿಯ ತಮ್ಮ ತಮಾಷೆಗೆ ಇಟ್ಟ ಹೆಸರು ಅದು. ಈಗ ಇಡೀ ಬೀದಿಗೆ ಅವನು ಕುರ್ಚಿಭಾವ. ಕಬ್ಬಿಣದ ಕೊಳವೆ ಬಗ್ಗಿಸಿ ಕುರ್ಚಿ ಮಾಡುವ ಕಾರ್ಖಾನೆಯೊಂದರಲ್ಲಿ ಪರೀಕ್ಷಕನಾಗಿದ್ದ. ತಯಾರಾದ ಪ್ರತಿ ಕುರ್ಚಿಯ ಮೇಲೂ ಕೂತು, ಹಿಂದಕ್ಕೆ ವಾಲಿ, ಮೈಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಬಿಟ್ಟು, ಸೊಂಟವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುವುದು ಅವನ ಕೆಲಸ. ವೆಲ್ಡಿಂಗ್ ಗಟ್ಟಿಯಿದ್ದರೆ ಕುರ್ಚಿ ಸುಮ್ಮನಿರುತ್ತದೆ. ಸಡಿಲವಿದ್ದರೆ ಕಿರ್ ಎನ್ನುತ್ತದೆ. ಇನ್ನೂ ಸಡಿಲವಿದ್ದರೆ ಕುರ್ಚಿ ಒಂದು ಕಡೆ, ಕೂತವನು ಇನ್ನೊಂದು ಕಡೆ.

ಸಭಾಂಗಣವೊಂದಕ್ಕೆ ಹೋಗಬೇಕಿದ್ದ ಕುರ್ಚಿಗಳನ್ನು, ಲಾರಿ ಬಂದು ನಿಂತ ಹೊತ್ತಿನಲ್ಲಿ, ಅವನು ಹೀಗೆ ಪರೀಕ್ಷಿಸಿ ಅರ್ಧಕ್ಕರ್ಧ ಮುರಿದು ಗುಡ್ಡೆ ಹಾಕಿದ. ಲಾರಿ ಖಾಲಿ ಹೋಯಿತು. ಸಂಜೆಗೆ ಅದರ ಹಿಂದೆಯೇ ಅವನೂ ಗೇಟಿನಾಚೆ ಬಂದ.

ಆಮೇಲೆ ಎರಡು ಕಡೆ ಕೆಲಸ ಸಿಕ್ಕಂತಾಗಿ ತಪ್ಪಿತು. ಎರಡೂ ಕಡೆಯವರು ನಗುನಗುತ್ತಾ ಮಾತಾಡಿಸಿ, ಹಳೆಯ ಯಜಮಾನರಿಗೊಂದು ಫೋನು ಮಾಡಿ, ಮರುದಿನ ಮುಖ ತಿರುಗಿಸಿದ್ದರು. ಮನೆ ನಡೆಯುತ್ತಿದ್ದುದು ಹೆಂಡತಿಯ ಹೊಲಿಗೆ ಯಂತ್ರದಿಂದ. ಅವಳು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ಅವನು ಮನೆಯಲ್ಲಿ ಸುಮ್ಮನೆ ಕೂತಾಗಲೆಲ್ಲ ಯಂತ್ರ ಸ್ವಲ್ಪ ಜೋರಾಗಿ ಓಡುತ್ತಿತ್ತು.

ಮೂರನೆಯದು ಇನ್ನೊಂದು ಕುರ್ಚಿ ಕಂಪನಿ. ಅಲ್ಲಿನ ಗುಮಾಸ್ತ ಬೆಳಿಗ್ಗೆಯೇ ಫೋನು ಮಾಡಿದ.

"ಸಂಜೆ ನಾಲ್ಕಕ್ಕೆ ಬನ್ನಿ. ಮ್ಯಾನೇಜರ್ ಮೇಡಂ ನಿಮ್ಮ ಹಳೇ ಯಜಮಾನ್ರ ಹತ್ರ ಮಾತಾಡಿದ್ದಾರೆ."

"ಏನಂದ್ರಂತೆ?"

ಇಲ್ಲಿ ಫೋನಿನ ಸ್ಪೀಕರ್ ಆನ್ ಇರುವುದು ತಿಳಿಯದೆ ಗುಮಾಸ್ತ ಧ್ವನಿ ತಗ್ಗಿಸಿದ. "ನಾನು ಹೇಳ್ದೆ ಅನ್ಬೇಡಿ. ಅವನು ಕುರ್ಚಿ ಮುರಿಯೋನು, ಆನೆ ಬಂದು ಕೂತಿದ್ರೂ ಅಷ್ಟು ಮುರೀತಿರ್ಲಿಲ್ಲ ಅಂದ್ರಂತೆ."

ಹೊಲಿಗೆ ಯಂತ್ರ ನಿಂತಿತು. ಪೇಪರ್ ಓದಲೆಂದು ದಿನಾ ಬೆಳಿಗ್ಗೆ ಅಕ್ಕನ ಮನೆಗೆ ಬರುವ ಭಾಮೈದ ಪೇಪರ್ ಮಡಿಸಿದ. ಅವನು ವಿಮೆ ಏಜೆಂಟ್. ಅವನ ಬಾಯಿ ತೆರೆಯಲು ಕಾರಣ ಬೇಕಿರಲಿಲ್ಲ, ಮುಚ್ಚಲು ಬೇಕಾಗುತ್ತಿತ್ತು.

"ಭಾವ, ಏಳಿ. ಹೋಗಿ ಯಜಮಾನ್ರ ಕಾಲಿಗೆ ಬೀಳೋಣ."

"ನಾನೇನು ತಪ್ಪು ಮಾಡಿದ್ದೀನಿ?"

"ತಪ್ಪು ಮಾಡ್ದೋರು ಯಾರಾದ್ರೂ ಕಾಲಿಗೆ ಬೀಳ್ತಾರಾ? ಕೆಲಸ ಬೇಕಾದೋರು ಬೀಳ್ತಾರೆ."

ಅಷ್ಟರಲ್ಲಿ ಎದುರುಮನೆ ದೊಡ್ಡಮ್ಮ ಒಳಗೆ ಬಂದರು. ಯಾರ ಮನೆಗೆ ಹೋದರೂ ಅವರಿಗೆ ಮೊದಲು ಕಾಣುವುದು ಕೊರತೆಗಳು, ಆಮೇಲೆ ಮನುಷ್ಯರು. "ಈ ಬಾಗಿಲಿಗೆ ಎಣ್ಣೆ ಬಿಡು ಅಂತ ಎಷ್ಟು ಸಲ ಹೇಳೋದು? ನಿನ್ನ ಫೋನೂ ಅಷ್ಟೇ, ಎದುರುಮನೆಗೆ ಅರ್ಧ ಮಾತ್ರ ಕೇಳ್ಸುತ್ತೆ. ಆನೆ ಅಂದ್ನಲ್ಲ, ಯಾವ ಆನೆ?"

ವಿಷಯವೆಲ್ಲ ತಿಳಿದುಕೊಂಡ ದೊಡ್ಡಮ್ಮನನ್ನು ಜೊತೆಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಆದರೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತವರು ಅವರೇ.

ಹಳೆಯ ಯಜಮಾನರು ಗಾಜಿನ ಕೋಣೆಯೊಳಗಿದ್ದರು. ಕುರ್ಚಿಭಾವನನ್ನು ಕಂಡವರೇ ಎದುರಿನ ಕುರ್ಚಿಯನ್ನು ತಮ್ಮ ಕಡೆ ಎಳೆದುಕೊಂಡರು. "ನಿಂತ್ಕೊಂಡೇ ಮಾತಾಡು."

"ಸರ್, ನಿಮ್ಮಂಥ ದೊಡ್ಡೋರು..." ಎಂದು ಭಾಮೈದ ಶುರುಮಾಡಿದ.

"ನೀನ್ಯಾರಪ್ಪ?"

"ಇವರ ಭಾಮೈದ ಸರ್. ಅಂದ ಹಾಗೆ, ನಿಮಗೆ ವಿಮೆ ಇದೆಯಾ?"

ಯಜಮಾನರು ಅವನನ್ನು ಬಿಟ್ಟು ಕುರ್ಚಿಭಾವನ ಕಡೆ ತಿರುಗಿದರು. "ನಾನೇನು ಸುಳ್ಳು ಹೇಳಿದ್ನಾ? ಕುರ್ಚಿ ಮುರಿದಿದ್ದು ಹೌದೋ ಅಲ್ವೋ?"

"ಹೌದು ಸರ್."

"ಮತ್ತೆ? ಯಾರು ಕೇಳಿದ್ರೂ ಹಂಗೇ ಹೇಳ್ತೀನಿ."

ಫ್ಯಾನಿನ ರೆಕ್ಕೆಯ ಧೂಳು ನೋಡುತ್ತಿದ್ದ ದೊಡ್ಡಮ್ಮ ಅಲ್ಲಿಂದಲೇ ಕೇಳಿದರು. "ಮುರಿದಿದ್ದು ಯಾರ ಕುರ್ಚಿ?"

"ನಮ್ದೇ. ಇನ್ಯಾರ್ದು?"

"ಅಂದ್ರೆ ನೀವು ಸಿಕ್ಕಿದ ಕಂಪನಿಗೆಲ್ಲ ಹೇಳ್ತಿರೋದು ಏನು? ಇಂಥ ಒಣಕಲು ಮನುಷ್ಯ ಕೂತ್ರೂ ನಿಮ್ಮ ಕುರ್ಚಿ ಮುರಿಯುತ್ತೆ ಅಂತ ತಾನೆ?"

ಯಜಮಾನರ ಮುಖ ವೆಲ್ಡಿಂಗ್ ಬಿಟ್ಟ ಕುರ್ಚಿಯಂತೆ ಒಂದು ಕಡೆಗೆ ವಾಲಿತು. "ಅಯ್ಯೋ, ಮೂರು ಕಡೆ ಹೇಳ್ಬಿಟ್ಟಿದ್ದೀನಲ್ಲ" ಎಂದು ತಮಗೆ ತಾವೇ ಅಂದುಕೊಂಡು ಫೋನಿಗೆ ಕೈಹಾಕಿದರು.

"ಮೇಡಂ, ಬೆಳಿಗ್ಗೆ ನಾನು ಇನ್ಯಾರನ್ನೋ ನೆನೆಸ್ಕೊಂಡು ಏನೋ ಅಂದ್ಬಿಟ್ಟೆ. ಈ ಮನುಷ್ಯ ಹೂವು ಮೇಡಂ, ಹೂವು. ನಾಲ್ಕು ವರ್ಷದಲ್ಲಿ ನಮ್ಮ ಒಂದೇ ಒಂದು ಕುರ್ಚಿ ಮುರಿದಿಲ್ಲ. ಕಿರ್ ಅಂತ ಕೂಡ ಅಂದಿಲ್ಲ. ಕೊಟ್ಟಿದ್ದನ್ನೆಲ್ಲ ಕಣ್ಣಿಗೊತ್ತಿಕೊಂಡು ಪಾಸ್ ಮಾಡಿದ."

ನಾಲ್ಕು ವರ್ಷ ನಿಯತ್ತಾಗಿ ಮುರಿದದ್ದೆಲ್ಲ ಒಂದೇ ಫೋನಿನಲ್ಲಿ ಅಳಿಸಿಹೋದದ್ದು ಕಂಡು ಕುರ್ಚಿಭಾವನಿಗೆ ಸಂಕಟವಾಯಿತು. ಬಾಯಿ ತೆರೆದ. ಭಾಮೈದ ಅವನ ಕಾಲು ತುಳಿದ.

ಹೊಸ ಕಂಪನಿಯ ದಾರಿಯುದ್ದಕ್ಕೂ ಭಾಮೈದನ ಪಾಠ ನಡೆಯಿತು. "ನೋಡಿ ಭಾವ, ಅಲ್ಲಿ ಯಾವುದರಲ್ಲೂ ಕೊಂಕು ತೆಗೀಬೇಡಿ. ನಿಮ್ಮನ್ನ ಮುಳುಗಿಸಿದ್ದೇ ಆ ಚಾಳಿ. ಕಾಫಿ ತಣ್ಣಗಿದ್ರೂ ಬಿಸಿಯಾಗಿದೆ ಅನ್ನಿ."

ಮ್ಯಾನೇಜರ್ ಮೇಡಂ ಮಿತಭಾಷಿ. ಕನ್ನಡಕದ ಮೇಲಿಂದ ಮೂವರನ್ನೂ ನೋಡಿ, ಎದುರಿಗಿದ್ದ ಮೂರು ಕುರ್ಚಿಗಳನ್ನು ತೋರಿಸಿದರು. ಕುರ್ಚಿಭಾವ ಕೂತ ಕ್ಷಣವೇ ಅವನ ಬೆನ್ನಿಗೆ ವಿಷಯ ತಿಳಿಯಿತು. ಬಲಗಡೆಯ ಹಿಂಗಾಲಿನ ವೆಲ್ಡಿಂಗ್ ಅರ್ಧ ಮಾತ್ರ ಹಿಡಿದಿತ್ತು. ಅವನು ಅರ್ಧ ಭಾರವನ್ನು ತನ್ನ ತೊಡೆಗಳ ಮೇಲೇ ಹೊತ್ತುಕೊಂಡು, ಪರೀಕ್ಷೆಗೆ ಕೂತ ಮಗುವಿನಂತೆ ಕುರ್ಚಿಯ ಮುಂದಿನ ಅಂಚಿನಲ್ಲಿ ಕೂತ.

"ಕುರ್ಚಿ ಹೇಗಿದೆ?" ಎಂದು ಮೇಡಂ ಕೇಳಿದರು.

ಭಾಮೈದ ಕೆಮ್ಮಿದ.

"ತುಂಬಾ ಚೆನ್ನಾಗಿದೆ ಮೇಡಂ."

"ಸರಿಯಾಗಿ ಕೂತು ನೋಡಿ ಹೇಳಿ."

"ನೋಡ್ದೆ ಮೇಡಂ. ಬಂಡೆ ಇದ್ದ ಹಾಗಿದೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮಲ್ಲಿ ಈಗಿರೋ ಪರೀಕ್ಷಕ ದೇವರಂಥ ಮನುಷ್ಯ. ಯಾರ ಮನಸ್ಸೂ ನೋಯಿಸಲ್ಲ, ಎಲ್ಲಾನೂ ಪಾಸ್ ಮಾಡ್ತಾನೆ. ಹೋಟೆಲಿಂದ, ಸಿನಿಮಾ ಮಂದಿರದಿಂದ ವಾಪಸ್ ಬಂದಿರೋ ಕುರ್ಚಿ ಇಡೋಕೆ ಗೋದಾಮಲ್ಲಿ ಜಾಗ ಇಲ್ಲ. ಬೆಳಿಗ್ಗೆ ನಿಮ್ಮ ಯಜಮಾನ್ರು ಕುರ್ಚಿ ಮುರಿಯೋನು ಅಂದಾಗ, ನಮಗೆ ಬೇಕಾದೋರು ಸಿಕ್ಕಿದ್ರಲ್ಲ ಅಂತ ನೇಮಕದ ಆರ್ಡರ್ ಟೈಪ್ ಮಾಡೋಕೆ ಹೇಳಿದ್ದೆ. ಮಧ್ಯಾಹ್ನ ಅವರೇ ಫೋನ್ ಮಾಡಿ ಹೂವು ಅಂದ್ರು. ಯಾವುದು ನಿಜ ನೋಡೋಣ ಅಂತ ವಾಪಸ್ ಬಂದ ಕುರ್ಚಿಗಳನ್ನೇ ಇಲ್ಲಿ ಹಾಕಿಸಿದೆ."

ಕುರ್ಚಿಭಾವ ದಡಬಡಿಸಿ ಎದ್ದ. "ಮೇಡಂ, ಹೂವು ಅನ್ನೋದು ಶುದ್ಧ ಸುಳ್ಳು. ನಾನು ಲಾರಿಗಟ್ಟಲೆ ಮುರಿದಿದ್ದೀನಿ. ಈ ಕುರ್ಚೀದೂ ಬಲಗಡೆ ಹಿಂಗಾಲು..."

"ಈಗ ಹೇಳ್ತೀರಾ?"

"ಆ ಹೂವನ್ನ ನಾವೇ ಹೋಗಿ ಹೇಳಿಸಿದ್ದು ಮೇಡಂ" ಎಂದ ಭಾಮೈದ, ಸಹಾಯವಾಗಲಿ ಎಂದು.

"ಹಾಗಾದ್ರೆ ಎದುರಿಗಿರೋರ ಮುಖ ನೋಡಿ ಪಾಸ್ ಮಾಡೋ ಇನ್ನೊಬ್ರು ಬಂದ ಹಾಗಾಯ್ತು. ಅಂಥೋರು ನಮ್ಮಲ್ಲಿ ಆಗ್ಲೇ ಒಬ್ರಿದ್ದಾರೆ."

ಇಷ್ಟು ಹೊತ್ತೂ ದೊಡ್ಡಮ್ಮ ತಮ್ಮ ಕುರ್ಚಿಯಲ್ಲಿ ಮಿಸುಕಾಡುತ್ತಲೇ ಇದ್ದರು. "ಅಲ್ಲಮ್ಮ, ಇದೂ ಒಂದು ಕುರ್ಚಿನಾ? ಬೆನ್ನಿಗೆ ಚುಚ್ಚುತ್ತೆ. ಮುಂದಿನ ಕಾಲು ಗಿಡ್ಡ. ಮಾಡ್ದೋನು ಇದರ ಮೇಲೆ ಒಂದು ಸಲನಾದ್ರೂ ಕೂತಿದ್ನಾ?" ಎಂದು ಹಿಂದಕ್ಕೆ ಒರಗಿದರು. ಫಟ್ ಎಂದು ಸದ್ದಾಯಿತು. ದೊಡ್ಡಮ್ಮ ನೆಲದಲ್ಲಿದ್ದರು. "ನಾನು ಹೇಳ್ಲಿಲ್ವಾ?" ಎಂದು ಅಲ್ಲಿಂದಲೇ ಕೇಳಿ, ಭಾಮೈದನನ್ನು ಎಬ್ಬಿಸಿ ಅವನ ಕುರ್ಚಿಯಲ್ಲಿ ಕೂತರು. "ಇದು ಅದಕ್ಕಿಂತ ಅನ್ಯಾಯ." ಅದೂ ಫಟ್ ಎಂದಿತು.

ಮೇಡಂ ಎದ್ದು ನಿಂತಿದ್ದರು. ಕಳೆದುಹೋದ ಒಡವೆ ಸಿಕ್ಕವರ ಹಾಗೆ ದೊಡ್ಡಮ್ಮನನ್ನೇ ನೋಡುತ್ತಾ, ತಮ್ಮ ಸ್ವಂತ ಕುರ್ಚಿಯನ್ನು ಮುಂದಕ್ಕೆ ತಳ್ಳಿದರು. "ಇದನ್ನೂ ಒಂಚೂರು ನೋಡ್ತೀರಾ ಅಮ್ಮ?"

"ಇದಕ್ಕೆ ಚಕ್ರ ಬೇರೆ ಕೇಡು. ಒಂದು ತಿರುಗೋದೇ ಇಲ್ಲ."

"ನನಗೂ ಹಾಗೇ ಅನ್ನಿಸ್ತಿತ್ತು. ಇಲ್ಲಿ ಯಾರೂ ಒಪ್ತಿರ್ಲಿಲ್ಲ. ನಮ್ಮಲ್ಲಿ ಕೆಲಸಕ್ಕೆ ಬರ್ತೀರಾ?"

"ಏನು ಕೆಲಸ?"

"ಕೂತು ಬೈಯೋದು."

"ಅದಕ್ಕೆ ಸಂಬಳ ಬೇರೆ ಕೊಡ್ತೀರಾ?"

"ಕೊಡ್ತೀವಿ. ಆದ್ರೆ ನಮ್ಮಲ್ಲೊಂದು ನಿಯಮ ಇದೆ. ನಿಮ್ಮನ್ನ ಚೆನ್ನಾಗಿ ಬಲ್ಲೋರು ಯಾರಾದ್ರೂ ನಿಮ್ಮ ಬಗ್ಗೆ ಎರಡು ಮಾತು ಹೇಳ್ಬೇಕು."

"ಇವನೇ ಇದ್ದಾನಲ್ಲ" ಎಂದು ದೊಡ್ಡಮ್ಮ ಕುರ್ಚಿಭಾವನ ಕಡೆ ಕೈ ತೋರಿಸಿದರು. "ಮದುವೆಯಾಗಿ ನಮ್ಮ ಬೀದಿಗೆ ಬಂದಾಗ್ನಿಂದ ನೋಡ್ತಿದ್ದಾನೆ."

ಮೇಡಂ ಅವನ ಕಡೆ ತಿರುಗಿದರು. ಕುರ್ಚಿಭಾವನ ತಲೆ ಚುರುಕಾಯಿತು. ದೊಡ್ಡಮ್ಮನನ್ನು ಇಲ್ಲೇ ಬೀಳಿಸಿದರೆ ಕೆಲಸ ಖಾಲಿ ಉಳಿಯುತ್ತದೆ. ಖಾಲಿ ಉಳಿದರೆ ನಾಳೆ ಮತ್ತೆ ಬಂದು ಕೇಳಬಹುದು. ಹಳೆಯ ಯಜಮಾನರು ತನಗೆ ಮಾಡಿದ್ದನ್ನು ತಾನು ಇವರಿಗೆ ಮಾಡಿದರಾಯಿತು.

"ನಿಜ ಹೇಳ್ತೀನಿ ಮೇಡಂ. ಇವರ ಕಣ್ಣಿಗೆ ಯಾವುದೂ ಸರಿ ಕಾಣಲ್ಲ" ಎಂದು ಎದೆಬಿಚ್ಚಿ ಶುರುಮಾಡಿದ. "ನಮ್ಮ ಬಾಗಿಲಿಂದ ಹಿಡಿದು ನನ್ನ ಹೆಂಡತಿ ಹಾಕಿದ ಹೊಲಿಗೆವರೆಗೂ ತಪ್ಪು ಹುಡುಕ್ತಾರೆ. ಬೀದೀಲಿ ಇವರ ಬಾಯಿಗೆ ಸಿಗದ ಮನೆ ಒಂದಿಲ್ಲ. ದೊಡ್ಡೋರು, ಚಿಕ್ಕೋರು, ನೆಂಟ್ರು ಅನ್ನೋ ದಾಕ್ಷಿಣ್ಯ ಇಲ್ಲ. ಎಷ್ಟು ಬೇಡ್ಕೊಂಡ್ರೂ ಅಂದ ಮಾತು ವಾಪಸ್ ತಗೊಳಲ್ಲ."

ಒಂದೊಂದು ಮಾತಿಗೂ ಮೇಡಂ ಮುಖ ಅರಳುತ್ತಿದ್ದುದನ್ನು ಅವನು ಕೊನೆಯ ಮಾತಿನಲ್ಲಿ ಗಮನಿಸಿದ. ಅಷ್ಟರಲ್ಲಿ ಅವರು ಗಂಟೆ ಒತ್ತಿ ಗುಮಾಸ್ತನನ್ನು ಕರೆಸಿದ್ದರು. "ಆ ಆರ್ಡರ್‌ನಲ್ಲಿ ಹೆಸರು ಬದಲಾಯಿಸಿ" ಎಂದರು. "ಒಬ್ಬರ ಬಗ್ಗೆ ಇಷ್ಟು ಒಳ್ಳೇ ಮಾತು ನಾನು ಕೇಳಿಯೇ ಇರ್ಲಿಲ್ಲ."

ವಾಪಸ್ ಬರುವ ಬಸ್ಸಿನಲ್ಲಿ ಭಾಮೈದನಿಗೆ ಬಾಯಿ ಮುಚ್ಚಲು ಕಾರಣ ಸಿಕ್ಕಿತ್ತು. ದೊಡ್ಡಮ್ಮ ಕಿಟಕಿ ಪಕ್ಕದಿಂದ ಕುರ್ಚಿಭಾವನ ಭುಜದ ಮೇಲೆ ಕೈಯಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು.

"ನನ್ನ ಬಗ್ಗೆ ಇಷ್ಟು ಅಭಿಮಾನ ಇಟ್ಕೊಂಡಿದ್ದೀಯ ಅಂತ ಗೊತ್ತೇ ಇರ್ಲಿಲ್ಲ ಕಣಪ್ಪ" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮತ್ತೆ ಈ ಕಡೆ ತಿರುಗಿದರು.

"ಆದ್ರೂ, ಇನ್ನೂ ಸ್ವಲ್ಪ ಬಿಡಿಸಿ ಹೇಳ್ಬೇಕಿತ್ತು."