ಸದ್ದು ನಿಂತರೆ ಓಡುವವನು

ನನ್ನ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಅದರಿಂದಾಗುವ ಫಜೀತಿಗಳು ಇನ್ನೂ ಮುಗಿದಿಲ್ಲ.

ನನ್ನ ಕೆಲಸ ಬ್ಲಫ್ ಎಂಬ ಊರಿನ ಪವರ್‌ಹೌಸಿನಲ್ಲಿ. ಮೇಲಿಂದ ಬೀಳುವ ನೀರು ಮಿಶೀನು ತಿರುಗಿಸುತ್ತದೆ. ಅದು ಗುಂಯ್ ಅನ್ನುವವರೆಗೆ ನಾನು ಆರಾಮ. ಸದ್ದು ನಿಂತಿತೋ, ನೀರಿನ ಗೇಟು ಮುಚ್ಚಲು ಓಡಬೇಕು. ಈಗ ಎಲ್ಲಿ ಏನು ನಿಂತರೂ ಓಡುತ್ತೇನೆ.

೧. ಬಸ್ಸು

ಮಳವಳ್ಳಿಯಲ್ಲಿ ಹೆಂಡತಿಯ ಜೊತೆ ಮದ್ದೂರಿನ ಬಸ್ಸಿನಲ್ಲಿ ಕೂತಿದ್ದೆ. ಹೊರಡುವ ಮುಂಚೆ ಡ್ರೈವರ್ ಅದೇಕೋ ಇಂಜಿನ್ ಆಫ್ ಮಾಡಿದ. ನಾನು ಚಂಗನೆ ಇಳಿದು ಬಸ್‌ಸ್ಟ್ಯಾಂಡಿನ ಆ ತುದಿವರೆಗೆ ಓಡಿದೆ. ಮುಚ್ಚಲು ಇಲ್ಲಿ ಗೇಟಿಲ್ಲವೆಂದು ಹೊಳೆದು ತಿರುಗಿದರೆ ಬಸ್ಸೂ ಇಲ್ಲ. ಹೆಂಡತಿ ಫೋನ್ ಮಾಡಿದಳು. ಅವಳದು ಹೇಗೂ ಫ್ರೀ, ನನ್ನ ಟಿಕೆಟ್ಟಿನಲ್ಲಿ ಬ್ಯಾಗು ಕೂತು ಬರುತ್ತಿದೆಯಂತೆ.

೨. ಚಟ್ನಿ

ಮಗಳಿಗೆ ಮಂಡ್ಯದಲ್ಲೊಂದು ಸಂಬಂಧ ಕೂಡಿಬಂದಿತ್ತು. ಗಂಡಿನ ಮನೆ ನೋಡಲು ಹೋದೆವು. ಮಾತು ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಒಳಗೆ ಮಿಕ್ಸಿ ನಿಂತಿತು. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ನಾನು ಅವರ ಅಡುಗೆಮನೆಯಲ್ಲಿ, ಚಟ್ನಿಯ ಎದುರು. ವಾರದಲ್ಲಿ ಉತ್ತರ ಬಂತು: ಹುಡುಗಿ ಒಪ್ಪಿಗೆ, ಆದರೆ ಬೀಗರನ್ನು ಸಾಕುವುದು ನಮ್ಮಿಂದಾಗದು. ಮಗಳು ಎರಡು ದಿನ ಮಿಕ್ಸಿ ಮುಟ್ಟದೆ ಮುಖ ಊದಿಸಿಕೊಂಡಿದ್ದಳು. ನನಗೂ ಸಂಕಟವಾಯಿತು.

೩. ಜನರೇಟರು

ಕೊನೆಗೆ ಭಾರತೀನಗರದ ಹುಡುಗ ಒಪ್ಪಿದ. ಅವಳಿಗೂ ಅವನು ಬಹಳ ಹಿಡಿಸಿದ್ದ. ಮದ್ದೂರಿನ ಛತ್ರದಲ್ಲಿ ನಿಶ್ಚಿತಾರ್ಥ. ಬೆಳಿಗ್ಗೆಯೇ ಹೆಂಡತಿ ಹೇಳಿದಳು: “ಇವತ್ತೊಂದಿನ ಅಲ್ಲಾಡ್ದಂಗೆ ಕೂತ್ಕಳಿ. ಎದ್ರೆ ಈ ಮದ್ವೇನೂ ಓಯ್ತದೆ.”

ಕರೆಂಟಿರಲಿಲ್ಲ, ಜನರೇಟರು ಓಡುತ್ತಿತ್ತು. ಪುರೋಹಿತರು ಲಗ್ನಪತ್ರಿಕೆ ಓದುವಾಗ ಕರೆಂಟು ಬಂತು. ಛತ್ರದವನು ಜನರೇಟರು ಆರಿಸಿದ. ನಾನು ಕುರ್ಚಿಯನ್ನು ಬಿಗಿಯಾಗಿ ಹಿಡಿದೆ. ಕುರ್ಚಿಯೂ ನನ್ನ ಜೊತೆ ನಾಲ್ಕು ಹೆಜ್ಜೆ ಬಂತು. ಜನರೆಲ್ಲ ನೋಡುತ್ತಿದ್ದರು. ಮಗಳ ಮುಖ ನೋಡುವ ಧೈರ್ಯವಾಗದೆ ಓಡಿದೆ.

ಬಾಗಿಲಲ್ಲಿ ಯಾರಿಗೋ ಡಿಕ್ಕಿ ಹೊಡೆದೆ. ನೋಡಿದರೆ ಗಂಡಿನ ಅಪ್ಪ. ಅವರೂ ಏದುಸಿರು ಬಿಡುತ್ತಿದ್ದರು.

“ಬೀಗ್ರೆ, ನೀವ್ಯಾಕೆ ಓಡ್ತಿದ್ದೀರಿ?” ಎಂದರು.

“ಗೇಟು ಮುಚ್ಚಾಕೆ. ನೀವು?”

“ಬಾಯ್ಲರ್ ನೋಡಾಕೆ.”

ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರಂತೆ; ಅಲ್ಲೂ ಸದ್ದು ನಿಂತರೆ ಬಾಯ್ಲರ್ ಹತ್ತಿರ ಓಡಬೇಕಂತೆ. ಇಬ್ಬರೂ ಕೈ ಹಿಡಿದು ಒಳಗೆ ಬಂದೆವು. ಮಗಳು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ನನ್ನ ಹೆಂಡತಿ ಮತ್ತು ಬೀಗಿತ್ತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎದ್ದು ಸೀದಾ ಛತ್ರದವನ ಹತ್ತಿರ ಹೋದರು.

“ಮದ್ವೆ ದಿನ ಕರೆಂಟು ಇದ್ರೂ ಜನರೇಟ್ರು ಆಕ್ಬುಡಪ್ಪ,” ಎಂದಳು ನನ್ನ ಹೆಂಡತಿ. “ಧಾರೆ ಮುಗಿಯೋಗಂಟ ಆರಿಸ್ಬ್ಯಾಡ.”