ಡಿಕ್ಕಿಯಲ್ಲಿ ಟಾರ್ಚು, ನೆಲಮಾಳಿಗೆಯಲ್ಲಿ ಕತ್ತಲೆ

ಬೇರೆಯವರ ಊರಿನ ಹವಾಮಾನಕ್ಕೆ ಹೆದರುವುದು ನನ್ನ ಹಳೆಯ ಚಟ. ಚಿಕ್ಕವನಿದ್ದಾಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೊ ಹೇಳಿದರೆ ಸಾಕು, ಗದಗಿನ ಸುಡುಬಿಸಿಲಿಗೆ ಹರವಿದ್ದ ಸಂಡಿಗೆಯನ್ನು ಒಳಗೆ ತಂದಿಟ್ಟು ಅವ್ವನಿಂದ ಬೈಸಿಕೊಳ್ಳುತ್ತಿದ್ದೆ. ಈಗ ವಯಸ್ಸು ಐವತ್ತೆರಡು. ಶಿಕಾಗೊ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮನೆ, ಎಲ್ಕ್ ಗ್ರೋವ್‌ನ ಕಾರ್ಖಾನೆಯೊಂದರಲ್ಲಿ ನೌಕರಿ. ಊರು ಬದಲಾಯಿತು, ಚಟ ಬದಲಾಗಲಿಲ್ಲ. ಹೀಗಾಗಿ ಜೂನ್ ತಿಂಗಳಲ್ಲಿ ಫ್ಲಾರಿಡಾದಲ್ಲಿರುವ ನನ್ನ ಹೆಂಡತಿಯ ತಮ್ಮ ಪ್ರಕಾಶ ‘ಹರಿಕೇನ್ ಸೀಸನ್ ಶುರುವಾಯ್ತು, ಊರು ಬಿಡಬೇಕಾಗಿ ಬಂದ್ರೆ ನಮ್ಮ ಕಾರು ರೆಡಿ’ ಎಂದು ಒಂದು ಪಟ್ಟಿಯನ್ನೂ ಒಪ್ಪವಾಗಿ ತುಂಬಿದ ಡಿಕ್ಕಿಯ ಫೋಟೊವನ್ನೂ ಕಳಿಸಿದಾಗ ನನಗೆ ಒಳಗೊಳಗೇ ಚಡಪಡಿಕೆ ಶುರುವಾಯಿತು. ಅವನ ಡಿಕ್ಕಿ ರೆಡಿ. ನನ್ನ ಡಿಕ್ಕಿಯಲ್ಲಿ ಎರಡು ಖಾಲಿ ಚೀಲ ಮತ್ತು ಹೋದ ಚಳಿಗಾಲದ ಹಿಮ ಕೆರೆಯುವ ಕಡ್ಡಿ.

“ರೀ, ಹರಿಕೇನ್ ಬರಬೇಕಂದ್ರೆ ಸಮುದ್ರ ಬೇಕು” ಎಂದಳು ಸುಧಾ. ಮೈಸೂರಿನವಳಾದ ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಫಿಸಿಕಲ್ ಥೆರಪಿಸ್ಟ್; ಬಗ್ಗದ ಮಂಡಿಗಳನ್ನು ಬಗ್ಗಿಸುವುದು ಅವಳ ವೃತ್ತಿ.

“ಸಮುದ್ರದಂಥಾ ಲೇಕ್ ಐತಲ್ಲ” ಎಂದೆ.

“ನಮಗೆ ಬರೋದು ಟಾರ್ನೆಡೊ. ಅದಕ್ಕೆ ಕಾರು ಬೇಡ, ಬೇಸ್‌ಮೆಂಟ್ ಬೇಕು.”

ಮಾತು ಸರಿ ಇತ್ತು. ಆದರೆ ನೆಲಮಾಳಿಗೆಯನ್ನು ಫೋಟೊ ತೆಗೆದು ಪ್ರಕಾಶನಿಗೆ ಕಳಿಸಿದರೆ ಏನು ಶೋಭೆ? ಶನಿವಾರ ಬೆಳಗ್ಗೆ ಕೆಲಸಕ್ಕೆ ಇಳಿದೇಬಿಟ್ಟೆ. ಟ್ಯಾಂಕು ತುಂಬಿಸಿದೆ, ಟೈರಿಗೆ ಗಾಳಿ ಹಿಡಿಸಿದೆ. ನೀರಿನ ಕ್ಯಾನು, ತಾಡಪಾಲು, ಹಗ್ಗ, ಕಂಬಳಿ, ಅವಲಕ್ಕಿ, ಶೇಂಗಾ ಚಟ್ನಿಪುಡಿ ಎಲ್ಲವನ್ನೂ ಪಟ್ಟಿಯ ಪ್ರಕಾರ ಜೋಡಿಸಿದೆ. ನೆಲಮಾಳಿಗೆಯ ಕಪಾಟಿನಲ್ಲಿದ್ದ ಎರಡು ಟಾರ್ಚು ಮತ್ತು ಬ್ಯಾಟರಿ ರೇಡಿಯೊವನ್ನೂ ತಂದು ಡಿಕ್ಕಿಯಲ್ಲೇ ತುರುಕಿದೆ. ಇರುವುದನ್ನು ಬಿಟ್ಟು ಹೊಸದು ಯಾಕೆ ತರಬೇಕು? ಅಂದಿನಿಂದ ಹದಿನಾಲ್ಕರ ಮಗಳು ಅನನ್ಯ ಕಾರು ಹತ್ತಿದಾಗಲೆಲ್ಲ ಮೊದಲು ಕಿಟಕಿ ಇಳಿಸತೊಡಗಿದಳು. “ಡ್ಯಾಡ್, ದಿ ಕಾರ್ ಸ್ಮೆಲ್ಸ್ ಲೈಕ್ ಲಂಚ್.”

ಪಕ್ಕದ ಸಾಲುಮನೆಯೊಂದರಲ್ಲಿರುವ ವಿಜಯಪುರದ ಖಾದರ್ ಅವರದು ಟೈರಿನ ಅಂಗಡಿ. ಅವರು ನನ್ನ ಕಾರನ್ನು ಒಂದು ಸುತ್ತು ಬಂದು ನೋಡಿದರು. “ಸರ, ಗಾಡಿ ಹಿಂದ ಕುಂತೈತಿ. ಊರ ಬಿಟ್ಟು ಹೊಂಟೀರೇನು?”

“ಇಲ್ರೀ, ತಯಾರಿ.”

“ಸ್ಟೆಪ್ನಿ ಮ್ಯಾಲ ಇಷ್ಟೆಲ್ಲಾ ಹೇರೀರಿ. ಪಂಕ್ಚರ್ ಆದ್ರ ಮೊದಲ ಸಂಸಾರ ರಸ್ತಾಕ್ಕ ಇಳಸ್ಬೇಕು ನೋಡ್ರಿ.”

ನಾನು ನಕ್ಕೆ. ತಯಾರಾದವನು ತಯಾರಾಗದವರ ಮಾತಿಗೆ ನಗುವ ನಗೆ ಅದು.

ಜುಲೈನ ಒಂದು ಗುರುವಾರ, ಸಂಜೆ ನಾಲ್ಕೂವರೆಗೆ ಆಫೀಸಿನಿಂದ ಹೊರಬಿದ್ದಾಗ ಆಕಾಶಕ್ಕೆ ಹಳಸಿದ ಹೆಸರುಕಾಳಿನ ಬಣ್ಣ ಬಂದಿತ್ತು. ಎರಡು ಮೈಲಿ ಹೋಗುವಷ್ಟರಲ್ಲಿ ಸುಂಟರಗಾಳಿಯ ಎಚ್ಚರಿಕೆ ಬಂದು ಫೋನು ಕಿರುಚಿತು; ಅದರ ಬೆನ್ನಿಗೇ ಊರಿನ ಸೈರನ್ನು. ಸುಧಾಗೆ ಅಂದು ರಜೆ, ಅನನ್ಯಳೂ ಮನೆಯಲ್ಲೇ ಇದ್ದಳು. ನಾನು ಫೋನಿಗೆ ಕೈ ಹಾಕುವ ಮೊದಲೇ ಸುಧಾಳ ಕರೆ ಬಂತು.

“ನಾವು ಬೇಸ್‌ಮೆಂಟಲ್ಲಿದೀವಿ, ಆರಾಮಾಗಿದೀವಿ. ಕರೆಂಟ್ ಹೋಯ್ತು. ಟಾರ್ಚ್ ಎಲ್ಲಿಟ್ಟಿದೀರ?”

ನನ್ನ ಕಣ್ಣು ಕನ್ನಡಿಯಲ್ಲಿ ಹಿಂದಿನ ಡಿಕ್ಕಿಯ ಕಡೆಗೆ ಹೋಯಿತು.

“ರೀ?”

“ಕಾರಿನಾಗ.”

“ಎರಡೂ?”

“ಎರಡೂ.”

“ಸರಿ. ಡ್ರೈವ್ ಮಾಡಬೇಡಿ. ಕಾರು ನಿಲ್ಲಿಸಿ ಯಾವುದಾದರೂ ಬಿಲ್ಡಿಂಗ್ ಒಳಗೆ ಹೋಗಿ” ಎಂದಳು. ಲೈನು ಕಡಿಯಿತು.

ಮುಂದಿನ ತಿರುವಿನಲ್ಲಿ ಒಂದು ಪೆಟ್ರೋಲ್ ಬಂಕು ಇತ್ತು. ಕಾರು ಬಿಟ್ಟು ಅದರ ಅಂಗಡಿಯೊಳಗೆ ಓಡಿದೆ. ಕೌಂಟರಿನ ಹೆಂಗಸು ಬಂದವರನ್ನೆಲ್ಲ ಹಿಂದಿನ ಕೋಣೆಗೆ ತಳ್ಳುತ್ತಿದ್ದಳು. ಅದು ಬಿಯರ್ ಡಬ್ಬಿಗಳನ್ನು ತಣ್ಣಗಿಡುವ ಶೀತಲ ಕೋಣೆ. ಇಬ್ಬರು ಟ್ರಕ್ ಡ್ರೈವರುಗಳು, ನಾಯಿಮರಿಯನ್ನು ಎದೆಗವಚಿಕೊಂಡ ಒಬ್ಬ ಮುದುಕಿ, ಮತ್ತು ಅರ್ಧ ತೋಳಿನ ಶರ್ಟಿನಲ್ಲಿ ನಾನು. ನನ್ನ ಕಂಬಳಿ ಐವತ್ತು ಅಡಿ ದೂರದಲ್ಲಿ, ತಾಡಪಾಲಿನ ಕೆಳಗೆ, ಹಗ್ಗದ ಗಂಟಿನೊಳಗೆ ಬೆಚ್ಚಗೆ ಮಲಗಿತ್ತು. ಹೊರಗೆ ಗಾಳಿ ಗೂಡ್ಸ್ ರೈಲು ಹೋದಂತೆ ಸದ್ದು ಮಾಡುತ್ತಿತ್ತು. ತಗಡಿನ ಚಾವಣಿ ಎದ್ದು ಕೂತು ಎದ್ದು ಕೂತು ಮಾಡಿತು. ಇಪ್ಪತ್ತು ಸಲ ಫೋನು ಮಾಡಿದೆ, ಒಂದೂ ತಾಗಲಿಲ್ಲ. ಹಲ್ಲು ಕಟಕಟಿಸುತ್ತಿದ್ದದ್ದು ಚಳಿಗೆ ಎಂದು ಆ ಮುದುಕಿ ತಿಳಿದುಕೊಂಡಿರಬೇಕು. ನಾಯಿಯನ್ನು ನನ್ನ ಕೈಗೆ ಕೊಟ್ಟಳು. ಅದನ್ನು ಅಪ್ಪಿಕೊಂಡು ನಿಂತೆ. ಹೆಂಡತಿ ಮಗಳು ಕತ್ತಲಲ್ಲಿ ಕೂತಿದ್ದಾರೆ, ಆ ಕತ್ತಲನ್ನು ಪಟ್ಟಿ ಹಿಡಿದು ಜೋಡಿಸಿಕೊಟ್ಟವನು ನಾನು ಎಂಬುದರ ಹೊರತು ಬೇರೇನೂ ತಲೆಗೆ ಬರಲಿಲ್ಲ.

ಅರ್ಧ ಗಂಟೆಗೆ ಗಾಳಿ ನಿಂತಿತು. ಕಾರಿಗೆ ಏನೂ ಆಗಿರಲಿಲ್ಲ. ಅದರ ಭಾರಕ್ಕೆ ಸುಂಟರಗಾಳಿಯೇ ಬೇಸತ್ತಿರಬೇಕು. ಟ್ರಾಫಿಕ್ ಸಿಗ್ನಲ್ಲುಗಳು ಸತ್ತಿದ್ದವು, ಫೋನು ಆಗಲೂ ತಾಗಲಿಲ್ಲ, ರಸ್ತೆಯ ತುಂಬ ಕೊಂಬೆಗಳು. ಹನ್ನೊಂದು ಮೈಲಿಗೆ ಒಂದು ತಾಸು ಹಿಡಿಯಿತು. ನಮ್ಮ ಮನೆಯ ಮೇಪಲ್ ಮರ ಬುಡಸಮೇತ ಮಗುಚಿ, ದಿನವೂ ನಾನು ಕಾರು ನಿಲ್ಲಿಸುವ ಜಾಗದ ಮೇಲೆ ಬಿದ್ದಿತ್ತು. ಮನೆ ನೆಟ್ಟಗಿತ್ತು. ಮರ ದಾಟಿ, ಬಾಗಿಲು ತೆರೆದು, ಮೆಟ್ಟಿಲು ಇಳಿದೆ.

ಕೆಳಗೆ ಬೆಳಕಿತ್ತು. ಖಾದರ್ ಅಂಗಡಿಯ ದೊಡ್ಡ ಟಾರ್ಚು ಸ್ಟೂಲಿನ ಮೇಲೆ ಉರಿಯುತ್ತಿತ್ತು. ಖಾದರ್, ಅವರ ಹೆಂಡತಿ ಶಹನಾಜ್, ಸುಧಾ, ಅನನ್ಯ ನಾಲ್ವರೂ ಚಾಪೆಯ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದರು. ಅನನ್ಯ ಎದ್ದು ಬಂದು ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು. ಎಷ್ಟೋ ದಿನದ ಮೇಲೆ.

“ನಡಗಾಕತ್ತೀರಲ್ರೀ ಸರ” ಎಂದರು ಖಾದರ್.

“ಇಷ್ಟೊತ್ತು ಬಿಯರ್ ನಡುವ ಇದ್ದೆ.”

ಸುಧಾ ತಲೆಯೆತ್ತಿ ನೋಡಿದಳು. ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು.

“ನಮ್ಮನ್ಯಾಗ ಬೇಸ್‌ಮೆಂಟ್ ಇಲ್ಲಲ್ರೀ” ಎಂದರು ಶಹನಾಜ್. “ಸೈರನ್ ಆದ ಕೂಡ್ಲೆ ಬಂದುಬಿಡ್ರಿ, ಬರುವಾಗ ಟಾರ್ಚ್ ತರ್ರಿ ಅಂತ ನಿಮ್ಮ ಮಗಳು ಹೋದ ತಿಂಗಳನ ಹೇಳಿದ್ಲು. ನಾವು ಬರೂದು ಸ್ವಲ್ಪ ತಡ ಆತು, ಅಲ್ಲೀಮಟ ಇವರು ಕತ್ತಲಾಗ ಇದ್ರು.”

ಆಗಲೇ ಗೋಡೆಯ ಮೇಲಿನ ಕಾಗದ ಕಂಡದ್ದು. ಅನನ್ಯಳ ದುಂಡು ಇಂಗ್ಲಿಷ್ ಅಕ್ಷರ. ಅಮ್ಮ: ಪಾಸ್‌ಪೋರ್ಟು, ಎಲ್ಲರ ಶೂ. ಅನನ್ಯ: ನೀರು, ಫೋನ್ ಚಾರ್ಜರ್. ಖಾದರ್ ಅಂಕಲ್, ಆಂಟಿ: ಟಾರ್ಚ್. ಕೊನೆಯಲ್ಲಿ ನಾನು. ಡ್ಯಾಡ್: ಮೊದಲು ಅವರಿಗೆ ಫೋನ್ ಮಾಡುವುದು, ನಾವು ಆರಾಮ ಎನ್ನುವುದು, ಕಾರು ನಿಲ್ಲಿಸಲು ಹೇಳುವುದು.

“ಇದನ್ನ ನನಗ್ಯಾಕ ತೋರಸ್ಲಿಲ್ಲ?”

“ಯು ವರ್ ಬಿಜಿ ವಿತ್ ದಿ ಕಾರ್” ಎಂದಳು, ಬೇಸರವಿಲ್ಲದೆ.

ಕಾಗದವನ್ನು ಇನ್ನೊಮ್ಮೆ ಓದಿದೆ. ಬಿರುಗಾಳಿಗೆ ಮನೆಯನ್ನು ಸಜ್ಜು ಮಾಡಿದವನು ನಾನು ಎಂದು ಒಂದು ತಿಂಗಳಿಂದ ಬೀಗುತ್ತಿದ್ದೆ. ಸಜ್ಜು ಮಾಡಬೇಕಾದ ಸಾಮಾನುಗಳಲ್ಲಿ ನಾನೂ ಒಂದು ಎಂಬುದು ಮನೆಯವರಿಗೆಲ್ಲ, ಪಕ್ಕದ ಮನೆಯವರಿಗೂ, ಮೊದಲೇ ಗೊತ್ತಿತ್ತು.